ಕಾವಲಲ್ಲ, ಜೊತೆ

ಆಟಿಸಂ ಇರುವ ಮಗನಿಗೆ 18 ತುಂಬಿದೊಡನೆ ತಂದೆತಾಯಂದಿರಾದ ನಾವು ಓಡುವುದು ಪಾಲಕತ್ವದ ಪ್ರಮಾಣಪತ್ರಕ್ಕೆ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಅದಕ್ಕೆ ದಾರಿ ಮಾಡಿಕೊಟ್ಟಿದೆ, ನಿಜ. ಆದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಪಾಲಕನ ಅಧಿಕಾರ ಸೀಮಿತ. ನಿರ್ಧಾರ ಇಬ್ಬರೂ ಕೂಡಿ ಕೈಗೊಳ್ಳತಕ್ಕದ್ದು. ಇದನ್ನು ನಾವು ಓದುವುದೇ ಇಲ್ಲ.

ದಾದರಿನಿಂದ ಠಾಣೆಗೆ ಲೋಕಲ್‌ನಲ್ಲಿ ಒಬ್ಬನೇ ಹೋಗುವೆನೆಂದು ಮಗ ಹೊರಟಾಗ ಬಂಧುಗಳು ನಮ್ಮನ್ನು ಕಲ್ಲೆದೆಯವರೆಂದರು. ಮೊದಲು ಜೊತೆಗೆ ಹೋದೆವು. ಬಳಿಕ ಪಕ್ಕದ ಬೋಗಿಯಲ್ಲಿ. ಕೊನೆಗೆ ಪ್ಲಾಟ್‌ಫಾರಂನಲ್ಲೇ ಉಳಿದೆವು. ಒಮ್ಮೆ ಇಳಿಯುವುದು ತಪ್ಪಿ ಕಲ್ಯಾಣ ತಲುಪಿದ. ಫೋನು ಮಾಡಿ ತಿಳಿಸಿದ, ಹಿಂತಿರುಗುವ ಗಾಡಿ ಹಿಡಿದ. ಜೀವ ಬಾಯಿಗೆ ಬಂದದ್ದು ನಮಗೆ, ಅವನಿಗಲ್ಲ.

ಸರ್ಕಾರಿ ಹುದ್ದೆಗಳ ಶೇ. 4ರ ಮೀಸಲಾತಿಯಲ್ಲಿ ಪಾಲು ಕೇಳುವ ನಾವು ಮನೆಯ ಬೀಗದ ಕೈ ಕೊಡಲು ಹಿಂಜರಿದರೆ ಆ ಹಕ್ಕಿಗೆ ಅರ್ಥವೇನು? ನಮ್ಮ ನಂತರ ಗತಿಯೇನೆಂದು ಕೊರಗುವುದು ಸಾಕು. ನಾವಿರುವಾಗಲೇ ಅವನು ಒಂದೆರಡು ಸಲ ದಾರಿ ತಪ್ಪಲಿ. ಕರೆದರೆ ಓಗೊಡಲು ಇಂದು ನಾವಿದ್ದೇವೆ.