ಹೀರೋಗೆ ನೈಟ್ ಡ್ಯೂಟಿ!

ಸಿನಿಮಾದಲ್ಲಿ ಮಗು ಹುಟ್ಟೋದನ್ನ ಎಷ್ಟು ಸಲ ನೋಡಿಲ್ಲ ನಾವು! ಹೀರೋ ವಾರ್ಡಿನ ಹೊರಗೆ ಶತಪಥ ಹಾಕ್ತಾನೆ, ಒಳಗಿಂದ ಕೂಸಿನ ಅಳು, ನರ್ಸಮ್ಮನ ನಗು. ತೊಟ್ಟಿಲು ಶಾಸ್ತ್ರಕ್ಕೆ ಒಂದು ಹಾಡು. ಹಾಡು ಮುಗಿಯೋ ಹೊತ್ತಿಗೆ ಆ ಕೂಸು ಬ್ಯಾಗು ಹೆಗಲಿಗೇರಿಸಿ ಸ್ಕೂಲಿಗೆ ಓಡ್ತಿರುತ್ತೆ! ನಡುವಿನ ರೀಲು ಎಲ್ಲಿ ಹೋಯ್ತು ಗುರುವೇ?

ಆ ರೀಲು ಈಗ ನಮ್ಮನೇಲಿ ಓಡ್ತಿದೆ. ಮಗಳಿಗೆ ಮೂರು ತಿಂಗಳು. ಇಂಟರ್ವಲ್ಲೇ ಇಲ್ಲ! ಹಸುಗೂಸು ದಿನಕ್ಕೆ 8ರಿಂದ 12 ಸಲ ಹಾಲು ಕುಡಿಯುತ್ತೆ. ತಾಯಿಗೆ ಒಂದೇ ಸಮನೆ ಮೂರು ಗಂಟೆ ನಿದ್ದೆ ಸಿಕ್ಕರೆ ಅದೇ ಹಬ್ಬ.

"ಪಿಯುಸಿ ಅರ್ಧಕ್ಕೆ ಬಿಟ್ಟೋನು ಡಾಕ್ಟರಿಕೆ ಶುರು ಮಾಡಿದ" ಅಂತ ಬೈಬೇಡಿ. ವಿಷಯ ಸಿನಿಮಾದ್ದೇ. 'ಶರಪಂಜರ' ನೋಡಿದ್ದೀರಲ್ಲ? 1970ರ ದಶಕದ ಆರಂಭದಲ್ಲಿ, ನಾವೆಲ್ಲ ಹುಟ್ಟೋಕೂ ಮುಂಚೆ ಪುಟ್ಟಣ್ಣ ಕಣಗಾಲ್ ತೆಗೆದ ಚಿತ್ರ. ಕಾವೇರಿಯಾಗಿ ಕಲ್ಪನಾ. ಎರಡನೇ ಹೆರಿಗೆಯ ನಂತರ ಅವಳ ಮನಸ್ಸು ಕದಡುತ್ತದೆ. ವಾಸಿಯಾಗಿ ಮನೆಗೆ ಬಂದರೆ, ಗಂಡನಿಂದ ಹಿಡಿದು ಎಲ್ಲರ ಕಣ್ಣಿಗೂ ಅವಳು ಹುಚ್ಚಿಯೇ! ಅವಳನ್ನ ಕೊನೆಗೆ ಮುರಿದದ್ದು ಕಾಯಿಲೆಯಲ್ಲ, ಮನೆಯವರ ನೋಟ. ಮೂಲ ಕಾದಂಬರಿ ಬರೆದ ತ್ರಿವೇಣಿಯವರು 1963ರಲ್ಲಿ ಹೆರಿಗೆಯಾದ ಕೆಲವೇ ದಿನಕ್ಕೆ ತೀರಿಕೊಂಡರು ಅಂತ ತಿಳಿದ ದಿನ ನನಗೆ ಊಟ ಸೇರಲಿಲ್ಲ.

ನಮ್ಮಾಕೆಯೂ ಮೂರನೇ ದಿನದಿಂದ ಸುಮ್ಮಸುಮ್ಮನೆ ಅಳೋಳು. "ಮೊದಮೊದಲು ಇದು ಬಹಳ ಜನಕ್ಕೆ ಆಗುತ್ತಪ್ಪ. ಎರಡು ವಾರ ದಾಟಿದರೂ ಹೋಗದಿದ್ದರೆ ಕರೆದುಕೊಂಡು ಬಾ" ಅಂದಿದ್ದರು ಡಾಕ್ಟ್ರಮ್ಮ. ಎರಡು ವಾರ ದಾಟಿತು, ಅಳು ನಿಲ್ಲಲಿಲ್ಲ. ಮಗು ಮಲಗಿದರೂ ಇವಳು ಕಣ್ಣು ಬಿಟ್ಟುಕೊಂಡೇ ಇರೋಳು. ಅತ್ತೆಯವರು "ದೃಷ್ಟಿ" ಅಂದರು, ಪಕ್ಕದ ಮನೆಯವರು "ಕೊಬ್ಬು" ಅಂದರು. ದೃಷ್ಟಿ ತೆಗೆಯೋರು ತೆಗೀಲಿ ಅಂತ ಬಿಟ್ಟು, ನಾನು ಆಟೋ ಹತ್ತಿಸಿದೆ. ಚಿಕಿತ್ಸೆ ಶುರುವಾಯ್ತು. ಈಗ ನಗ್ತಾಳೆ, ನನ್ನ ಲೇಖನದಲ್ಲಿ ತಪ್ಪು ಹುಡುಕ್ತಾಳೆ!

ಅವಳಿಗೆ ಔಷಧಿ ಬರೆದ ಡಾಕ್ಟ್ರಮ್ಮ ನನಗೂ ಒಂದು ಕೆಲಸ ಹೇಳಿದರು: ಅವಳಿಗೆ ನಿದ್ದೆ ಮಾಡೋಕೆ ಬಿಡು. ಅಂದಿನಿಂದ ನೈಟ್ ಡ್ಯೂಟಿ ನನ್ನದು. ಹಾಲು ಕುಡಿಸೋದೊಂದು ಬಿಟ್ಟು, ಹೆಗಲಿಗೆ ಹಾಕ್ಕೊಂಡು ತೇಗು ಬರಿಸೋದು, ಬಟ್ಟೆ ಬದಲಿಸೋದು, ಮಲಗಿಸೋದು ಎಲ್ಲಾ ಗಂಡಸಿನ ಕೈಗೂ ಬರುತ್ತೆ ಸ್ವಾಮಿ!

ಕಲಿತದ್ದು ಇಷ್ಟು. ಕೂಸನ್ನ ಅಂಗಾತ ಮಲಗಿಸಿ. ಮೊದಲ 6 ತಿಂಗಳು ತಾಯಿಹಾಲು, ಡಾಕ್ಟರು ಬರೆದ ಔಷಧಿ ಬಿಟ್ಟರೆ ನೀರೂ ಬೇಡ, ಜೇನೂ ಬೇಡ. ಬಾಣಂತಿಗೆ ಮಾತ್ರ ನೀರು ಕಮ್ಮಿ ಮಾಡಬೇಡಿ. ಬೀಡಿ ಸಿಗರೇಟು ಹೊಸ್ತಿಲಾಚೆ. 3 ತಿಂಗಳೊಳಗಿನ ಕೂಸಿಗೆ ಜ್ವರ 100.4 ಡಿಗ್ರಿ ಮುಟ್ಟಿದರೆ ಆಸ್ಪತ್ರೆಗೆ ಓಡಿ. ಸುಮಾರು ಆರನೇ ವಾರಕ್ಕೆ ಅಳು ತಾರಕಕ್ಕೇರಿ, ಮೂರ್ನಾಲ್ಕು ತಿಂಗಳಿಗೆ ಇಳಿಯುತ್ತೆ. ಎಷ್ಟೇ ರೇಗಿದರೂ ಕೂಸನ್ನ ಹಿಡಿದು ಕುಲುಕಬೇಡಿ, ಮಿದುಳಿಗೆ ಪೆಟ್ಟಾಗಿ ಜೀವವೇ ಹೋಗಬಹುದು! ಜೋಪಾನವಾಗಿ ಮಲಗಿಸಿ, ಐದು ನಿಮಿಷ ಬಾಗಿಲಾಚೆ ನಿಂತು ಉಸಿರು ಬಿಟ್ಟು ಬನ್ನಿ.

ಮನಸ್ಸು ಕುಸಿಯೋದು ಅಪ್ಪನಿಗೂ ಉಂಟು. ಸರ್ಕಾರ 2022ರಲ್ಲಿ ಶುರು ಮಾಡಿದ ಟೆಲಿ ಮಾನಸ್ ನಂಬರು 14416. 24 ಗಂಟೆಯೂ ಕನ್ನಡದಲ್ಲೇ ಮಾತಾಡಬಹುದು, ಕಾಸಿಲ್ಲ. ಆದರೆ ತಾಯಿಗೆ ಸಾಯೋ ಯೋಚನೆ ಬಂದರೆ, ಮಗುವಿಗೆ ಏನಾದರೂ ಮಾಡಿಬಿಡ್ತೀನಿ ಅನ್ನಿಸಿದರೆ, ಇಲ್ಲದ ದನಿ ಕೇಳಿಸಿದರೆ, ಅವಳನ್ನ ಒಬ್ಬಳನ್ನೇ ಬಿಡದೆ ಆ ಕ್ಷಣವೇ ಆಸ್ಪತ್ರೆಗೆ ಕರೆದೊಯ್ಯಿರಿ.

ಮದುವೆಯಾಗದ ತಮ್ಮಂದಿರೇ, ನಿಮ್ಮ ಅಕ್ಕನೋ ಅತ್ತಿಗೆಯೋ ಬಾಣಂತಿಯಾಗಿದ್ದರೆ ಇವತ್ತಿನ ಸೆಕೆಂಡ್ ಷೋ ಬಿಡಿ. ಎರಡು ಗಂಟೆ ಕೂಸನ್ನ ಎತ್ತಿಕೊಳ್ಳಿ. ಆಕೆ ಮಲಗಲಿ.