ಯಂತ್ರ ವಿಚಾರ: ಒಂದು ಯಂತ್ರ, ನಾಲ್ವರು ಏಜೆಂಟರು

“ಬಿಲ್ಡ್ ಇನ್ನೂ ಸಾಲಿನಲ್ಲಿ ನಿಂತಿದೆ” ಎಂಬ ಮಾತು ನಮ್ಮ ಸಂಘದ ಅನೇಕ ಮನೆಗಳಲ್ಲಿ ಈಗ ರೇಷನ್ ಅಂಗಡಿಯ ಸಾಲಿನಷ್ಟೇ ಪರಿಚಿತ. 2020ರಲ್ಲಿ ಕಚೇರಿಯೇ ಮನೆಗೆ ಬಂದು ಊಟದ ಮೇಜಿನ ಮೇಲೆ ಕುಳಿತಂದಿನಿಂದ, ಪುಣೆಯಲ್ಲೋ ಹೈದರಾಬಾದಿನಲ್ಲೋ ಮಗಳು ಊಟದ ಹೊತ್ತನ್ನು ಮುಂದಕ್ಕೆ ಹಾಕಲು ಇದೇ ಕಾರಣ ಹೇಳುತ್ತಾಳೆ. ತಂದೆತಾಯಿಗಳು ಏನೋ ಕಟ್ಟಡದ ವಿಚಾರವಿರಬೇಕೆಂದು ಸುಮ್ಮನಾಗುತ್ತಾರೆ. ಆ ಸಾಲನ್ನು ಕರಗಿಸಲು ಒಂದೇ ಯಂತ್ರದಲ್ಲಿ ನಾಲ್ಕಾರು ಏಜೆಂಟರನ್ನು ಕೂಡಿಸುವ ಉಪಾಯವೊಂದುಂಟು. ಈ ಸಲ ಅದನ್ನೇ ಎತ್ತಿಕೊಂಡಿದ್ದೇವೆ. ಕಸುಬಿನವರಿಗೆ ಕೆಲವು ಮಾತು ಗೊತ್ತಿರುವುದೇ ಆದೀತು; ಉಳಿದವರ ಸಲುವಾಗಿ ಅವರು ತಾಳಿಕೊಳ್ಳಬೇಕು.

ಏಜೆಂಟನೆಂದೊಡನೆ ವಿಮೆಯವರನ್ನು ನೆನೆದು ಬಾಗಿಲು ಹಾಕಿಕೊಳ್ಳಬೇಕಾಗಿಲ್ಲ. ತಂತ್ರಾಂಶವೆಂಬುದು ನೂರಾರು ಕಡತಗಳಲ್ಲಿ ಹಲವರು ಸೇರಿ ಬರೆಯುವ ಬರಹ. ಯಾರಾದರೂ ಒಂದು ಸಾಲು ತಿದ್ದಿದರೂ ಎಲ್ಲವನ್ನೂ ಮತ್ತೆ ಜೋಡಿಸಿ, ಯಂತ್ರಕ್ಕೆ ತಿಳಿಯುವ ರೂಪಕ್ಕೆ ತಂದು, ಪರೀಕ್ಷೆಗಳನ್ನು ನಡೆಸಿ ನೋಡಬೇಕು. ಇದೇ ಬಿಲ್ಡ್. ಮನುಷ್ಯರು ಈ ಚಾಕರಿ ಮಾಡಿದರೆ ಬೇಸರ, ಮರೆವು ಎರಡೂ ತಪ್ಪವು. ಆದ್ದರಿಂದ ಒಂದು ಸಣ್ಣ ಪ್ರೋಗ್ರಾಮನ್ನೇ ಇದಕ್ಕೆ ನೇಮಿಸುತ್ತಾರೆ. ಅವನೇ ನಮ್ಮ ಏಜೆಂಟ. ಅವನು ತಾನಾಗಿ ಕೇಂದ್ರವನ್ನು “ಕೆಲಸವುಂಟೆ?” ಎಂದು ಕೇಳುತ್ತಿರುತ್ತಾನೆ, ಉಂಟೆಂದರೆ ಮೂಲ ಬರಹವನ್ನು ಇಳಿಸಿಕೊಂಡು, ಕಟ್ಟಿ, ಪರೀಕ್ಷಿಸಿ, ಹಸಿರೋ ಕೆಂಪೋ ಒಂದು ಗುರುತು ಹಾಕಿ ವರದಿ ಒಪ್ಪಿಸುತ್ತಾನೆ. 2004ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿದ್ದ ಕೊಹ್ಸುಕೆ ಕವಾಗುಚಿ ಎಂಬ ಜಪಾನಿ ಎಂಜಿನಿಯರು ಹಡ್ಸನ್ ಎಂಬ ಇಂಥದೊಂದು ವ್ಯವಸ್ಥೆಯನ್ನು ಬರೆಯಲಾರಂಭಿಸಿದರು. 2011ರಲ್ಲಿ ಅದು ಜೆಂಕಿನ್ಸ್ ಎಂಬ ಹೆಸರು ತಾಳಿತು. ಅದರ ಲಾಂಛನದಲ್ಲಿ ಬೋ ಕಟ್ಟಿದ ಬಟ್ಲರನೊಬ್ಬನು ನಿಂತಿದ್ದಾನೆ. ಪಾಪ, ಅವನ ಮೊಗದಲ್ಲೂ ದಣಿವು ಕಾಣುತ್ತದೆಂದು ನಮಗೆ ಅನಿಸುವುದುಂಟು. 2019ರ ನವೆಂಬರಿನಲ್ಲಿ ಗಿಟ್‌ಹಬ್ ಆ್ಯಕ್ಷನ್ಸ್ ಎಲ್ಲರಿಗೂ ತೆರೆದುಕೊಂಡಿತು.

ಈ ಏಜೆಂಟನನ್ನು ಕೇಂದ್ರದವರಿಂದ ಬಾಡಿಗೆಗೆ ಪಡೆಯಬಹುದು, ಇಲ್ಲವೆ ನಮ್ಮ ಯಂತ್ರದಲ್ಲೇ ಸಾಕಿಕೊಳ್ಳಬಹುದು. ಗಿಟ್‌ಹಬ್‌ನ ಬಾಡಿಗೆಯವನು ಪ್ರತಿ ಕೆಲಸಕ್ಕೂ ಹೊಸ ಯಂತ್ರದೊಡನೆ ಬಂದು, ಕೆಲಸ ಮುಗಿದೊಡನೆ ಯಂತ್ರಸಮೇತ ಅಳಿದುಹೋಗುತ್ತಾನೆ. ಸಾಕಿಕೊಂಡವನು ಹಾಗಲ್ಲ, ಅವನ ನಿನ್ನೆಯ ಎಂಜಲು ಇಂದೂ ತಟ್ಟೆಯಲ್ಲಿರುತ್ತದೆ. ಅದಲ್ಲದೆ ಅವನು ಒಂದು ಹೊತ್ತಿಗೆ ಒಂದೇ ಕೆಲಸ ಹಿಡಿಯುವವನು. ಹತ್ತು ಮಂದಿ ತಿದ್ದುಪಡಿ ಕಳುಹಿಸಿದರೆ ಒಂಬತ್ತು ಮಂದಿ ಕಾಯಬೇಕು; ಯಂತ್ರವೋ, ಎಂಟು ಕೋರ್‌ಗಳಲ್ಲಿ ಆರನ್ನು ಮಲಗಿಸಿಕೊಂಡು ಹಾಯಾಗಿರುತ್ತದೆ. ಇದನ್ನು ಕಂಡವರಿಗೆ ಇನ್ನೊಬ್ಬ ಏಜೆಂಟನನ್ನು ಪಕ್ಕದಲ್ಲೇ ಕೂರಿಸುವ ಆಸೆ ಬರುವುದು ಸಹಜ. ಕೂರಿಸುವುದೂ ಸುಲಭ: ಬೇರೆ ಡೈರೆಕ್ಟರಿ ಮಾಡಿ, ಏಜೆಂಟನ ಕಟ್ಟನ್ನು ಅಲ್ಲಿ ಬಿಚ್ಚಿ, ಬೇರೆ ಹೆಸರಿನಿಂದ ಕೇಂದ್ರದಲ್ಲಿ ನೋಂದಾಯಿಸಿ, ಯಂತ್ರ ಎದ್ದಾಗಲೆಲ್ಲ ತಾನೂ ಏಳುವಂತೆ ಸರ್ವೀಸ್ ಆಗಿ ನಿಲ್ಲಿಸಿದರೆ ಆಯಿತು. ಜೆಂಕಿನ್ಸ್‌ನಲ್ಲಿ ಎಕ್ಸಿಕ್ಯೂಟರ್‌ಗಳ ಸಂಖ್ಯೆಯನ್ನೂ ಗಿಟ್‌ಲ್ಯಾಬ್‌ನಲ್ಲಿ ಕನ್‌ಕರೆಂಟ್ ಎಂಬ ಅಂಕಿಯನ್ನೂ ಏರಿಸಿದರೆ ಇದೇ ಫಲ.

ಲಾಭವಿಲ್ಲವೆನ್ನಲಾರೆವು. ದೂರದ ಸರ್ವರಿಗೆ ಕಡತ ಕಳುಹಿಸಿ ಉತ್ತರಕ್ಕಾಗಿ ಕಾಯುವಂಥ ಕೆಲಸಗಳಲ್ಲಿ ಏಜೆಂಟನ ಹೊತ್ತೆಲ್ಲ ಕೈಕಟ್ಟಿ ನಿಲ್ಲುವುದರಲ್ಲೇ ಕಳೆಯುತ್ತದೆ. ಅಂಥವರು ನಾಲ್ವರು ಒಟ್ಟಿಗೆ ನಿಂತರೂ ಯಂತ್ರಕ್ಕೆ ಭಾರವಿಲ್ಲ. ತೊಡಕು ಬರುವುದು ಮೈಮುರಿದು ದುಡಿಯುವವರು ಒಟ್ಟಾದಾಗ.

ಮೊದಲನೆಯದು ಲೆಕ್ಕದ ತೊಡಕು. ಕಂಪೈಲ್ ಮಾಡಿಸುವ ಆಜ್ಞೆಗಳು ಬಹುಮಟ್ಟಿಗೆ “ಇಲ್ಲಿ ಎಷ್ಟು ಕೋರ್‌ಗಳಿವೆ?” ಎಂದು ಕೇಳಿ, ಅಷ್ಟೂ ತಮ್ಮವೇ ಎಂದು ನಂಬಿ ಹೊರಡುತ್ತವೆ. ನಾಲ್ವರು ಏಜೆಂಟರೂ ಹೀಗೆ ಎಂಟೆಂಟು ಕೈಗಳನ್ನು ಎಬ್ಬಿಸಿದರೆ ಎಂಟು ಕೋರ್‌ಗಳ ಮೇಲೆ 32 ಕೈಗಳ ನೂಕುನುಗ್ಗಲು. ಹೊತ್ತು ಹೆಚ್ಚುವುದಷ್ಟೇ ಆದರೆ ಸಹಿಸಬಹುದಿತ್ತು. ಒಂದೊಂದು ಕೈಗೆ ಅರ್ಧ ಗಿಗಾಬೈಟ್ ಮೆಮೊರಿ ಬೇಕಾದರೂ 16 ಗಿಗಾಬೈಟ್ ಅಲ್ಲಿಗೇ ತೀರಿತು. ಮೆಮೊರಿ ಬರಿದಾದಾಗ ಲಿನಕ್ಸ್ ತಾನೇ ಒಂದು ಪ್ರಾಸೆಸನ್ನು ಆರಿಸಿ ಕೊಂದುಹಾಕುತ್ತದೆ. ವರದಿಯಲ್ಲಿ ಅನೇಕ ಸಲ ಉಳಿಯುವುದು 137 ಎಂಬ ಅಂಕಿಯೊಂದೇ: ಕೊಲ್ಲುವ ಸಂಕೇತದ ಸಂಖ್ಯೆ 9, ಅದಕ್ಕೆ 128 ಕೂಡಿಸಿದ್ದು. ಇದನ್ನರಿಯದ ಹೊಸ ಹುಡುಗನೊಬ್ಬನು ತನ್ನ ಬರಹದಲ್ಲೇ ದೋಷವಿರಬೇಕೆಂದು ರಾತ್ರಿಯಿಡೀ ಹುಡುಕಬಹುದು. ದೋಷವೋ ಪಕ್ಕದ ಏಜೆಂಟನ ಹಸಿವಿನದು.

ಎರಡನೆಯದು ನೆರೆಹೊರೆಯ ತೊಡಕು. ಡೈರೆಕ್ಟರಿ ಬೇರೆಯಾದರೇನು, ನಾಲ್ವರೂ ಒಂದೇ ಬಳಕೆದಾರನ ಹೆಸರಿನಲ್ಲಿದ್ದರೆ ಅವರ ಹೋಮ್ ಒಂದೇ, ಕೀಲಿಕೈಗಳ ಗೊಂಚಲೂ ಒಂದೇ. ಹಳೆಯ ಮುಂಬಯಿಯ ಚಾಳಿನಲ್ಲಿ ಸಂಸಾರ ಹೂಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಕೋಣೆ ಬೇರೆ, ನಲ್ಲಿ ಮಾತ್ರ ಒಂದೇ. ಇಬ್ಬರು ಪರೀಕ್ಷೆಗಾಗಿ ಪೋಸ್ಟ್‌ಗ್ರೆಸ್ ಎಬ್ಬಿಸಿದರೆ 5432ನೆಯ ಪೋರ್ಟು ಮೊದಲು ಬಂದವನ ಪಾಲು, ಎರಡನೆಯವನಿಗೆ ಕೆಂಪು ಗುರುತು. ಒಬ್ಬನು ಕೆಲಸ ಮುಗಿಸಿ ಡಾಕರ್‌ನಿಂದ ಲಾಗ್‌ಔಟ್ ಆದರೆ ಇನ್ನೊಬ್ಬನು ಕಳುಹಿಸಲಿದ್ದ ಇಮೇಜಿಗೆ ಬಾಗಿಲು ಮುಚ್ಚಿತು. ಮತ್ತೊಬ್ಬನು ಶುಚಿಯ ಹುರುಪಿನಿಂದ ಪ್ರೂನ್ ಆಜ್ಞೆ ಕೊಟ್ಟನೆಂದರೆ, ನೆರೆಯವನು ಆಗತಾನೆ ಕಟ್ಟಿ ಇನ್ನೂ ಓಡಿಸದ ಇಮೇಜೂ ಕಸದೊಡನೆ ಹೋಗಬಹುದು.

ಇವೆಲ್ಲ ಕೆಂಪು ತೋರಿಸುವ ತೊಡಕುಗಳು, ಕೂಗುವುದರಿಂದ ಗೊತ್ತಾಗುತ್ತವೆ. ನಮ್ಮನ್ನು ಅಂಜಿಸುವುದು ಹಸಿರು ತೋರಿಸುವ ತೊಡಕು. ಒಂದು ತಂಡವು ಬಡ್ಡಿ ಲೆಕ್ಕಹಾಕುವ ಲೈಬ್ರರಿಯನ್ನೂ ಅದನ್ನು ಬಳಸುವ ಆ್ಯಪನ್ನೂ ಜಾವಾದಲ್ಲಿ ಬರೆದು, ಮೇವನ್ ಎಂಬ ಸಾಧನದಿಂದ ಒಂದಾದಮೇಲೊಂದು ಕಟ್ಟುತ್ತಿದೆಯೆಂದು ಇಟ್ಟುಕೊಳ್ಳಿ. ಮೇವನ್ ತಾನು ಕಟ್ಟಿದ ಲೈಬ್ರರಿಯನ್ನು ಹೋಮ್‌ನಲ್ಲಿರುವ ಒಂದು ಉಗ್ರಾಣದಲ್ಲಿ ಇಡುತ್ತದೆ. ಗ್ರಾಹಕರಿಗೆ ಹೋಗಬೇಕಾದ ಪ್ರತಿಯನ್ನು ಎರಡನೆಯ ಏಜೆಂಟ ಕಟ್ಟುತ್ತಿದ್ದಾನೆ. ಲೈಬ್ರರಿಯನ್ನು ಉಗ್ರಾಣದಲ್ಲಿಟ್ಟು ಆ್ಯಪಿನ ಕಡೆಗೆ ತಿರುಗಿದ್ದಾನೆ. ಅದೇ ಗಳಿಗೆಯಲ್ಲಿ ಮೊದಲನೆಯ ಏಜೆಂಟ, ಯಾರೋ ಪ್ರಯೋಗಕ್ಕೆಂದು ಅರ್ಧ ತಿದ್ದಿದ ಅದೇ ಲೈಬ್ರರಿಯನ್ನು ಅದೇ ಸ್ನ್ಯಾಪ್‌ಶಾಟ್ ಹೆಸರಿನಲ್ಲಿ ಅದೇ ಗೂಡಿನಲ್ಲಿ ಇಟ್ಟುಬಿಡುತ್ತಾನೆ. ಆ್ಯಪು ಕೈಗೆ ಸಿಕ್ಕಿದ್ದನ್ನು ತೆಗೆದುಕೊಳ್ಳುತ್ತದೆ. ಆ್ಯಪಿನ ಪರೀಕ್ಷೆಗಳು ಬಡ್ಡಿಯ ಅಂಕಿಯನ್ನು ಮುಟ್ಟದಿದ್ದರೆ ಎಲ್ಲವೂ ಹಸಿರು. ಅರೆಬೆಂದ ಲೆಕ್ಕ ಊರಿಗೆ ಹೊರಟಿತು. ಮರುದಿನ ದೂರು ಬಂದು ಅದೇ ಬರಹವನ್ನು ಮತ್ತೆ ಕಟ್ಟಿ ನೋಡಿದರೆ ಲೆಕ್ಕ ಸರಿಯಾಗಿಯೇ ಬರುತ್ತದೆ. ತಪ್ಪು ಯಾವ ಸಾಲಿನಲ್ಲೂ ಇಲ್ಲ, ಯಾರ ಕೈಯಲ್ಲೂ ಇಲ್ಲ. ಆದರೂ ಬೈಗುಳ ಯಾರಿಗಾದರೂ ಬೀಳಲೇಬೇಕಲ್ಲ!

ಪರಿಹಾರ ಕಷ್ಟದ್ದಲ್ಲ, ತುಸು ದುಂದಿನದು. ಮೇವನ್‌ನ ಉಗ್ರಾಣವನ್ನು ಆಯಾ ಕೆಲಸದ ಡೈರೆಕ್ಟರಿಯೊಳಗೇ ಇಡುವಂತೆ ಆಜ್ಞೆಯಲ್ಲಿ ಸೂಚಿಸಬಹುದು. ಬೇಕಾದ ಸಾಮಗ್ರಿಯನ್ನೆಲ್ಲ ಮತ್ತೆ ಮತ್ತೆ ಇಳಿಸಬೇಕಾಗಿ ಡಿಸ್ಕೂ ಹೊತ್ತೂ ಹೆಚ್ಚು ಹಿಡಿಯುತ್ತವೆ. ಹಿಡಿಯಲಿ ಎಂಬುದೇ ನಮ್ಮ ಅಭಿಪ್ರಾಯ. ಪ್ರತಿ ಏಜೆಂಟನಿಗೂ ಲಿನಕ್ಸ್‌ನಲ್ಲಿ ಬೇರೆ ಬಳಕೆದಾರನನ್ನು ಮಾಡಿಕೊಡಬೇಕು. ಹೋಮ್ ಬೇರೆಯಾದರೆ ಉಗ್ರಾಣ, ಕೀಲಿಕೈ ಎಲ್ಲ ತಾವಾಗಿ ಬೇರೆಯಾಗುತ್ತವೆ, ಒಬ್ಬನ ಗುಟ್ಟನ್ನು ಇನ್ನೊಬ್ಬನು ಇಣುಕುವುದೂ ತಪ್ಪುತ್ತದೆ. ಪೋರ್ಟಿಗೆ ಅಂಕಿ ಗೊತ್ತುಮಾಡದೆ ಸೊನ್ನೆ ಕೇಳಿದರೆ ಖಾಲಿಯಿರುವುದೊಂದನ್ನು ಕರ್ನೆಲ್ಲೇ ಕೊಡುತ್ತದೆ. ಸಿಸ್ಟಮ್‌ಡಿಯಲ್ಲಿ ಒಬ್ಬೊಬ್ಬನ ಮೆಮೊರಿಗೂ ಕಟ್ಟು ಹಾಕಬಹುದು. ಹಾಕಿದರೆ ಅತಿಯಾಗಿ ಉಂಡವನೇ ಸಾಯುತ್ತಾನೆ, ನೆರೆಯವನಲ್ಲ. ಕಂಪೈಲರಿಗೂ “ನಿನಗೆ ಎರಡೇ ಕೈ” ಎಂದು ಸ್ಪಷ್ಟವಾಗಿ ಹೇಳಿಬಿಡಬೇಕು.

ಒಂದು ಎಚ್ಚರಿಕೆ ಮಾತ್ರ ಬೇಕು. ಬಳಕೆದಾರರನ್ನು ಬೇರೆ ಮಾಡಿ, ಆಮೇಲೆ ಎಲ್ಲರನ್ನೂ ಡಾಕರ್ ಗುಂಪಿಗೆ ಸೇರಿಸಿದರೆ ಗೋಡೆ ಕಟ್ಟಿ ಬಾಗಿಲು ತೆರೆದಿಟ್ಟಂತೆ; ಆ ಗುಂಪಿನಲ್ಲಿರುವವನಿಗೆ ಇಡೀ ಯಂತ್ರದ ಯಜಮಾನಿಕೆ ಸಿಕ್ಕಂತೆಯೇ. ಯಜಮಾನಿಕೆ ಬೇಡದ ರೂಟ್‌ಲೆಸ್ ಡಾಕರ್ ಅಥವಾ ಪೋಡ್‌ಮ್ಯಾನ್ ಇರುವುದು ಇದಕ್ಕಾಗಿಯೇ. ಯಾರು ಬೇಕಾದರೂ ತಿದ್ದುಪಡಿ ಕಳುಹಿಸಬಹುದಾದ ಸಾರ್ವಜನಿಕ ಬರಹಕ್ಕಂತೂ ಸಾಕಿದ ಏಜೆಂಟನನ್ನು ಕೊಡಬಾರದೆಂದು ಗಿಟ್‌ಹಬ್‌ನವರೇ ಹೇಳುತ್ತಾರೆ. ಅಪರಿಚಿತನ ಆಜ್ಞೆ ನಮ್ಮ ಮನೆಯೊಳಗೆ ನಡೆದೀತು. ಒಂದೇ ಕೆಲಸ ಮಾಡಿ ನೋಂದಣಿ ಅಳಿಸಿಕೊಂಡು ಹೋಗುವ ಎಫೆಮೆರಲ್ ಏಜೆಂಟ 2021ರಿಂದ ಅವರಲ್ಲಿ ಸಿಗುತ್ತಾನೆ. ಆದರೆ ಅವನು ಹೋದ ಮೇಲೆ ಎಂಜಲೆತ್ತಿ ಗೋಮೆ ಬಳಿಯುವುದು ಮನೆಯವರದೇ ಕೆಲಸ.

ಇನ್ನು ಎಷ್ಟು ಮಂದಿ ಏಜೆಂಟರು ಎಂಬ ಪ್ರಶ್ನೆ. ಕೋರ್‌ಗಳನ್ನು ಎಣಿಸಿ ಹೇಳುವವರೇ ಹೆಚ್ಚು. ನಾವು ಮೆಮೊರಿಯನ್ನು ಮೊದಲು ನೋಡಿ ಎನ್ನುತ್ತೇವೆ. ಅತ್ಯಂತ ಭಾರದ ಬಿಲ್ಡ್ ಒಂದನ್ನೇ ಓಡಿಸಿ ಅದು ಏರಿದ ಎತ್ತರವನ್ನು ಬರೆದಿಟ್ಟುಕೊಳ್ಳುವುದು; ಯಂತ್ರದ ಸ್ವಂತ ಖರ್ಚಿಗೆ ಎರಡು ಗಿಗಾಬೈಟ್ ಬದಿಗಿಟ್ಟು, ಉಳಿದುದನ್ನು ಆ ಎತ್ತರದಿಂದ ಭಾಗಿಸುವುದು. 16 ಗಿಗಾಬೈಟಿನ ಯಂತ್ರದಲ್ಲಿ ಒಂದು ಬಿಲ್ಡ್ ಐದು ಗಿಗಾಬೈಟ್ ತಿನ್ನುವುದಾದರೆ ಇಬ್ಬರಿಗೆ ಜಾಗವುಂಟು, ಮೂರನೆಯವನಿಗೆ ಇಲ್ಲ. ಆ ಮೂರನೆಯವನಿಗೆಂದು ಬೇರೆ ಯಂತ್ರ ಕೇಳಿ ಮೇಲಿನವರಿಗೆ ಬರೆಯುವಾಗ, 137 ಎಂದು ಸತ್ತ ಬಿಲ್ಡ್‌ಗಳ ಪಟ್ಟಿಯನ್ನೂ ಜೊತೆಗೆ ಲಗತ್ತಿಸುವುದು ಒಳ್ಳೆಯದು.