ಗೊಬ್ಬರಕ್ಕೆ ಮುನ್ನ ಮಣ್ಣಿನ ಪರೀಕ್ಷೆ

ತಾರಸಿ ತೋಟದಲ್ಲಿ ನಿಂಬೆಯ ಎಲೆ ಹಳದಿಯಾದೊಡನೆ ಗೊಬ್ಬರ ಸುರಿಯುವುದು ಬೆಂಗಳೂರಿನ ವಾಡಿಕೆ. ಆದರೆ ಕೊಳವೆಬಾವಿಯ ಗಡಸು ನೀರಿನಿಂದ ಕುಂಡದ ಮಣ್ಣು ಕ್ರಮೇಣ ಕ್ಷಾರವಾಗುತ್ತದೆ. ರಸಸಾರ, ಅಂದರೆ ಪಿಎಚ್, 7.5 ದಾಟಿದರೆ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ಸುಲಭವಾಗಿ ದಕ್ಕದು. ಕುಂಡದೊಳಗೆ ಸುತ್ತಿಕೊಂಡ ಬೇರುಗಳನ್ನು ಎರಡು-ಮೂರು ವರ್ಷಕ್ಕೊಮ್ಮೆ ಸವರಿ ಹೊಸ ಮಣ್ಣು ತುಂಬದಿದ್ದರೂ ಗೊಬ್ಬರ ಫಲ ಕೊಡದು.

ಇದು ಹವ್ಯಾಸಿಗಳ ಸಮಸ್ಯೆ ಮಾತ್ರವಲ್ಲ. ನಮ್ಮ ಕೃಷಿ ನೀತಿಯದೂ ಇದೇ ಜಾಡು. ಯೂರಿಯಾದ ಅತಿಬಳಕೆ ಮಣ್ಣಿನ ಹುಳಿಯನ್ನು ಹೆಚ್ಚಿಸುತ್ತದೆ. ಆದರೂ ಅದಕ್ಕೆ ಭಾರಿ ಸಹಾಯಧನ ನೀಡುವ ಸರ್ಕಾರ, ಮಲೆನಾಡಿನ ಹುಳಿ ಮಣ್ಣಿಗೆ ಬೇಕಾದ ಸುಣ್ಣದ ವಿಷಯದಲ್ಲಿ ಅಷ್ಟು ಉದಾರತೆ ತೋರಿಲ್ಲ. 2015ರಲ್ಲಿ ಮಣ್ಣು ಆರೋಗ್ಯ ಚೀಟಿ ಬಂತು, ನಿಜ. ಅಗ್ಗದ ಬೆಲೆಯೇ ಯೂರಿಯಾದತ್ತ ಸೆಳೆಯುವಾಗ ಚೀಟಿಯ ಸಲಹೆಗೆ ಕಿವಿಗೊಡುವವರಾರು? ಸಹಾಯಧನದ ಒಂದಂಶವಾದರೂ ಮಣ್ಣು ಪರೀಕ್ಷೆಗೆ, ಸುಣ್ಣಕ್ಕೆ ಸಲ್ಲಲೆಂಬುದು ಆಡಳಿತದಲ್ಲಿ ದುಡಿದ ನನ್ನ ಆಗ್ರಹ.